ಶುಕ್ರವಾರದ ಕೂಗು

ಲಂಡನ್
ಬುಧವಾರ, ಮಾರ್ಚ್ 8

ಪ್ರೀತಿಯ ಅಮ್ಮ,

ನೀನು ಊರು ತಲುಪಿ ಇಷ್ಟು ದಿನವಾದರೂ ಬರೆಯಲಿಲ್ಲ, ಬೈದುಕೋ. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮಂಡಿನೋವು ಹೇಗಿದೆ? ನೀನು ತಂದ ಕೇಸರಿ ಬನ್ನು ಇನ್ನೂ ಒಂದು ಉಳಿದಿದೆ.

ಪಾರ್ಲಿಮೆಂಟಿನಲ್ಲಿ ಸದಸ್ಯರು ಕೋಟು ಬಿಚ್ಚಿಡುವ ಕಡೆ ಒಂದೊಂದು ಗೂಟಕ್ಕೂ ಗುಲಾಬಿ ರಿಬ್ಬನ್ ಕಟ್ಟಿದೆ, ಕತ್ತಿ ತೂಗುಹಾಕಲು. ಕತ್ತಿ ಹೋಗಿ ಎಷ್ಟೋ ಕಾಲವಾಯಿತು, ರಿಬ್ಬನ್ ಮಾತ್ರ ಹೋಗಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಥ್ರೇಲ್ ಸಾಹೇಬರ ರಿಬ್ಬನ್ನಿನಲ್ಲಿ ಒದ್ದೆ ಕೊಡೆ ನೇತಾಡುತ್ತಿತ್ತು. ಅವರ ಕಚೇರಿಗೆ ಸೇರಿದ ಹೊಸದರಲ್ಲಿ ಇಂಥದಕ್ಕೆಲ್ಲ ಮರುಳಾಗಿದ್ದೆ. ದೊರೆಯ ಒಪ್ಪಿಗೆಯನ್ನು ಹಳೆಯ ಫ್ರೆಂಚಿನಲ್ಲಿ ಸಾರುತ್ತಾರೆ, ಕಾನೂನಿಗೆ ಕರುವಿನ ಚರ್ಮ ಹೊದಿಸುತ್ತಾರೆ ಎಂದು ನಿನಗೆ ಪುಟಗಟ್ಟಲೆ ಬರೆದಿದ್ದೆ. ಈಗ ವಾಕರಿಕೆ ಬರುತ್ತದೆ.

ಕಳೆದ ಶುಕ್ರವಾರ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತು ನೀನೇ ನೋಡಿದೆಯಲ್ಲ. ಎರಡೂವರೆಗೆ ನಮ್ಮ ಮಸೂದೆಯ ಹೆಸರು ಓದಿದರು. ಕೂಲಿಯವರು ಮಲಗುವ ಕ್ಯಾರವಾನು ಗಾಡಿಗಳಲ್ಲಿ ಒಲೆಯ ವಿಷಗಾಳಿಗೆ ಎಚ್ಚರಿಸುವ ಗಂಟೆ ಇರಲೇಬೇಕು, ಇಷ್ಟೇ. ಡ್ಯಾಫೊಡಿಲ್ ಹೂ ಕೊಯ್ಯಲು ಹೋಗಿ ಅಂಥದೊಂದರಲ್ಲಿ ಮಲಗಿದ ನನ್ನ ತಮ್ಮ ಜೋರಿ ಮತ್ತೆ ಏಳಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಆಕ್ಷೇಪಣೆ!" ಎಂದು ಕೂಗಿದರು. ಆ ಹೊತ್ತಿನ ಮೇಲೆ ಮಸೂದೆ ತಡೆಯಲು ಒಂದು ದನಿ ಸಾಕು, ಕಾರಣ ಹೇಳಬೇಕಿಲ್ಲ.

"ಇನ್ನು ಯಾವ ದಿನ?" ಎಂದು ಸಭಾಪತಿ ಕೇಳಿದರು.

"ಮುಂದಿನ ಶುಕ್ರವಾರ" ಎಂದರು ಮಸೂದೆ ತಂದ ಸದಸ್ಯರು.

ನೀನು ನನ್ನ ಕೈ ಹಿಸುಕಿ, "ನೋಡಿದ್ಯೇನೇ, ದಿನ ಕೊಟ್ರು! ಮಗೂನ ಫೋಟೋ ತಗೊಂಡು ಮತ್ತೆ ಬರ್ತೀನಿ" ಎಂದೆ.

ಬರಬೇಡಮ್ಮ. ಆ ಶುಕ್ರವಾರ ಸದನಕ್ಕೆ ಬೀಗ. ಬಾಗಿಲೇ ತೆರೆಯದ ದಿನವನ್ನು ಹೆಸರಿಸಿ ಮುಂದಕ್ಕೆ ಹಾಕುವುದೂ ಇಲ್ಲಿ ನಡೆಯುತ್ತದೆ. ಮಸೂದೆ ಸತ್ತಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ
ಟ್ಯಾಮ್ಸಿನ್

ಮತ್ತೆ: "ಯಾರೇ ಅವನು ಕೂಗಿದ್ದು?" ಎಂದು ನೀನು ಕೇಳಿದಾಗ ಕಾಣಲಿಲ್ಲ ಎಂದೆ. ಥ್ರೇಲ್ ಸಾಹೇಬರು. ನಿನ್ನನ್ನು ರೈಲು ಹತ್ತಿಸಿ ಬಂದಾಗ ಚಹಾ ಕಲಕುತ್ತಿದ್ದರು.

"ಮಸೂದೆ ಓದಿದ್ರಾ ಸರ್?"

"ಓದೋದೇನಮ್ಮ? ಚರ್ಚೆ ಆಗದೆ ಕಾನೂನು ಬರಬಾರದು, ಅದು ನನ್ನ ತತ್ತ್ವ."

"ಚರ್ಚೆಗೆ ಹೊತ್ತೇ ಇರಲಿಲ್ಲವಲ್ಲ?"

"ಎಲ್ಲಿರುತ್ತೆ? ಬೆಳಿಗ್ಗೆಯಿಂದ ಬೇರೆ ಮಸೂದೆ ಮೇಲೆ ಮಾತಾಡಿ ಹೊತ್ತು ಮುಗಿಸಿದ್ದೂ ನಾವೇ!" ಎಂದು ನಕ್ಕರು.

ಅವರ ಮೇಜಿನ ಮೇಲೆ ಮಸೂದೆಯ ವಿವರದ ಹಾಳೆಯಲ್ಲಿ ಜೋರಿ ಪೆಲೋ ಎಂದಿತ್ತು. ನನ್ನ ಕೊರಳಿನ ಗುರುತುಚೀಟಿಯಲ್ಲೂ ಪೆಲೋ ಎಂದೇ ಇದೆ. ಅವರು ಕೇಳಲಿಲ್ಲ.

ನಾಳೆ ಸಂಜೆ ಆ ಚೀಟಿಯನ್ನು ಅವರ ಗುಲಾಬಿ ರಿಬ್ಬನ್ನಿಗೆ ಕಟ್ಟಿ, ಶುಕ್ರವಾರ ನಾನೇ ರೈಲು ಹತ್ತಿ ಊರಿಗೆ ಬರುತ್ತೇನೆ.