ಉಪ್ಪಿನ ಬೀದಿಯ ಹಿರಿಮಗಳು

ಮಾರ್ಚ್ 3, ಬೆಳಿಗ್ಗೆ

ಎರಡು ಪ್ಯಾಂಟಿನ ಅಂಚು ಹೊಲಿದು ಮುಗಿಸಿದೆ. ಗಿರಾಕಿ ಹತ್ತಕ್ಕೆ ಬರುತ್ತಾನೆ. ಅಮ್ಮನಿಗೆ ಗಂಜಿ, ಉಪ್ಪುಮೊಟ್ಟೆ. ಎಂದಿನ ತಕರಾರು — "ಲಾಯ್-ಫನ್, ಮೊಟ್ಟೆ ಚೂರು ಮಾಡಿ ಹಾಕೇ. ನನಗೇನು ಹಲ್ಲಿದ್ಯಾ?" ಎಂಬತ್ತಾರು ವಯಸ್ಸು. ನಿನ್ನೆ ತಿಂದದ್ದು ನೆನಪಿರಲ್ಲ, ನನ್ನನ್ನು ಬೈಯುವುದು ಮಾತ್ರ ಮರೆತಿಲ್ಲ.

ಸಂಜೆ ಪ್ರಿವ್ಯೂ. ನಮ್ಮ 'ಉಪ್ಪಿನ ಬೀದಿ' ಕೊನೆಗೂ ಸಿನಿಮಾ ಆಗಿದೆ. ನಾನು ಸ್ಕೂಲಿನಲ್ಲಿದ್ದಾಗ ಏಳು ಗಂಟೆಗೆ ಆ ಸೀರಿಯಲ್ಲಿನ ಹಾಡು ಶುರುವಾದರೆ ಇಡೀ ಬಿಲ್ಡಿಂಗಿನಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ. ಹೊಸ ಡೈರೆಕ್ಟರನಿಗೆ ಮೂವತ್ತೂ ಆಗಿಲ್ಲವಂತೆ. ಕೆಡಿಸಿಯೇ ಇರುತ್ತಾನೆ.

ಆದರೂ ಹೋಗಲೇಬೇಕು. ಸಿನಿಮಾದವರು ನಮ್ಮ ಫ್ಯಾನ್ ಕ್ಲಬ್ಬಿನವರ ಫೋಟೊ ಕೇಳಿದ್ದರು — ನಿಮ್ಮ ಮುಖವೂ ತೆರೆಯ ಮೇಲೆ ಅಂತ. ನನ್ನದು ಕಳಿಸಿದ್ದೆ, ನೀಲಿ ಬ್ಲೌಸಿನದು. ಎಲ್ಲಿ ಹಾಕಿದ್ದಾರೋ ನೋಡಬೇಕು.

ಮಾರ್ಚ್ 3, ಸಂಜೆ, ಮನೆಗೆ ಬಂದ ಮೇಲೆ

ಕೆಡಿಸಿದ್ದಾನೆ.

ಕಥೆಯಲ್ಲಿನ ಸೋಯಾ ಸಾಸ್ ಮಾಡುವ ಮನೆ ಆಸ್ಪತ್ರೆಯ ಹಾಗೆ ಫಳಫಳ. ನಮ್ಮ ಸೀರಿಯಲ್ಲಿನಲ್ಲಿ ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಾ ಸೊಸೆಯನ್ನು ಬೈಯುತ್ತಿದ್ದಳು, ಗೋಡೆ ತಾಗಿದರೆ ಸೆಟ್ಟೇ ಅಲ್ಲಾಡುತ್ತಿತ್ತು, ಆದರೂ ಅದು ಮನೆ. ಇಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾಳೆ, ಹಿಂದೆ ಪಿಟೀಲು.

ಆಮೇಲೆ ಆ ಸೀನ್. ಸಾಸಿನ ತೊಟ್ಟಿಗೆ ಬಿದ್ದು ಸತ್ತ ಹಿರಿಮಗಳು. ಸತ್ತ ಹಿರಿಯರನ್ನು ಪೂಜಿಸುವ ಪೀಠ, ಎರಡು ಮೇಣದ ಬತ್ತಿ, ನಡುವೆ ಅವಳ ಕಪ್ಪುಬಿಳುಪು ಫೋಟೊ.

ನನ್ನದು.

ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮೊದಲ ಪಾತ್ರ ಅಲ್ಲವೇ. ಪಕ್ಕದಲ್ಲಿದ್ದ ಬೋಕ್ ಅಣ್ಣ ಮಾತ್ರ ತಟ್ಟಲಿಲ್ಲ. ಹಳೆಯ ಸೀರಿಯಲ್ಲಿಗೆ ಲೈಟ್ ಹಿಡಿದವರು, ಈಗ ಕ್ಲಬ್ಬಿಗೆ ಯಜಮಾನರು. ನನ್ನ ಮೊಣಕೈ ಹಿಡಿದು ಕೇಳಿದರು, "ಲಾಯ್, ಕೆಂಪು ಲಕೋಟೆ ಕೊಟ್ರಾ?"

"ಇಲ್ವಲ್ಲ."

"ಫೋಟೊ ಹಿಂದುಗಡೆ ಕೆಂಪು ಗೀಟು ಹಾಕಿದ್ರಾ?"

"ನನಗೆ ಹೇಳೇ ಇಲ್ಲ ಅಣ್ಣ, ಇಲ್ಲಿ ಹಾಕ್ತೀವಿ ಅಂತ."

ಸಿನಿಮಾ ಮುಗಿದ ಮೇಲೆ ಟ್ರ್ಯಾಮ್ ಸ್ಟಾಪಿನವರೆಗೆ ಬಂದು ಬಿಟ್ಟುಹೋದರು. ಯಾರ ಜೊತೆಗೂ ಹಾಗೆ ನಡೆದು ಬರುವ ಮನುಷ್ಯ ಅಲ್ಲ.

ಮಾರ್ಚ್ 5

ಬೋಕ್ ಅಣ್ಣನ ಫೋನ್. ನಮ್ಮ ಹಾಂಗ್‌ಕಾಂಗಿನಲ್ಲಿ ಹೆಣದ ಪಾತ್ರ ಮಾಡಿದವರಿಗೆ, ಸತ್ತವರ ಜಾಗದಲ್ಲಿ ಫೋಟೊ ತೂಗುಹಾಕಿಸಿಕೊಂಡವರಿಗೆ ಲಕೋಟೆ ಕೊಡುವುದು, ಬದುಕಿರುವವರದು ಅಂತ ಫೋಟೊ ಹಿಂದೆ ಕೆಂಪು ಗೀಟು ಎಳೆಯುವುದು ನನಗೇನು ಗೊತ್ತಿಲ್ಲದ್ದೇ. ಅದರಲ್ಲಿನ ದುಡ್ಡು ಅವತ್ತೇ ಖರ್ಚು ಮಾಡಬೇಕು, ಆಗ ಅದು ಬರೀ ನಾಟಕ ಅಂತ ಅರ್ಥ. ಹಳೆಯ ಸೀರಿಯಲ್ಲಿನಲ್ಲಿ ಆ ಫೋಟೊ ಬಟ್ಟೆ ವಿಭಾಗದ ಒಬ್ಬ ಹೆಂಗಸಿನದು. ಪ್ರತಿ ಶೂಟಿಂಗಿಗೂ ತಪ್ಪದೆ ಕೊಡುತ್ತಿದ್ದರಂತೆ.

"ಒಂದು ಸಲ ಮರೆತಿದ್ರು," ಅಂದರು.

"ಆಮೇಲೆ?"

"ಆಮೇಲೆ ಬೇರೆಯವರ ಫೋಟೊ ಹಾಕಿದ್ರು." ನಾನು ಮುಂದೆ ಕೇಳುವ ಮೊದಲೇ, "ಹೋಗಿ ಕೇಳು. ನಾಚ್ಕೋಬೇಡ. ಯಾರು ತೂಗುಹಾಕಿದ್ರೋ ಅವರ ಕೈಯಿಂದಲೇ ಬರಬೇಕು. ನಾನು ಕೊಟ್ರೆ ನಡೆಯಲ್ಲ."

ಮುದುಕರ ಪುಕ್ಕಲುತನ. ಆದರೂ ನಾಳೆ ಹೋಗುತ್ತೇನೆ.

ಮಾರ್ಚ್ 6

ಸಿನಿಮಾ ಕಂಪನಿಯ ಆಫೀಸ್. ಯಾವ್ ಅಂತ ಒಬ್ಬ ಹುಡುಗಿ, ಉಗುರಿಗೆಲ್ಲ ಹಸಿರು ಬಣ್ಣ. ಒಳ್ಳೆಯವಳೇ.

"ಆಂಟಿ, ಅದನ್ನ ಯಾರೂ ತೂಗುಹಾಕೇ ಇಲ್ಲ. ಬರೀ ಚೌಕಟ್ಟಿತ್ತು, ನಿಮ್ಮ ಮುಖ ಕಂಪ್ಯೂಟರಲ್ಲಿ ಆಮೇಲೆ ಸೇರಿಸಿದ್ದು."

"ಸೇರಿಸಿದವರು ಕೊಡಲಿ."

"ಅವರು ಬ್ಯಾಂಕಾಕಲ್ಲಿ ಇದ್ದಾರೆ."

ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಏನಾದರೂ ಕಳಿಸಿಕೊಡುತ್ತೇನೆ ಅಂದಳು. ವಾಪಸು ಬರುವಾಗ ಮೀನಿನ ಉಂಡೆ ಅಂಗಡಿಯವ ನನ್ನ ಹಿಂದೆ ನಿಂತವನ ಆರ್ಡರ್ ತೆಗೆದುಕೊಂಡ. ಕೈ ಆಡಿಸಿದೆ. ಅವನಿಗೂ ಹಿಂದಿನವನಿಗೂ ಮಾತು ನಡೆದೇ ಇತ್ತು. ತಿನ್ನದೆ ಬಂದೆ. ಹಸಿವೂ ಇರಲಿಲ್ಲ ಅನ್ನಿ.

ಮಾರ್ಚ್ 11

ಇವತ್ತು ಬರೆಯಲು ಕೈ ಬರುತ್ತಿಲ್ಲ.

ಕೊರಿಯರ್ ಬಂದಾಗ ನಾನು ಹೊಲಿಗೆ ಅಂಗಡಿಯಲ್ಲಿದ್ದೆ. ಅಮ್ಮನೇ ಬಿಚ್ಚಿದ್ದಾಳೆ. ಆಫೀಸಿನ ಆ ಹುಡುಗಿ ನೆನಪಿನ ಕಾಣಿಕೆ ಅಂತ ಫೋಟೊವನ್ನು ಪ್ರಿಂಟ್ ಹಾಕಿಸಿ, ಸಿನಿಮಾದ ಅದೇ ಚೌಕಟ್ಟಿನಲ್ಲಿ ಕೂರಿಸಿ ಕಳಿಸಿದ್ದಾಳೆ. ಜೊತೆಗೆ ಕೆಂಪು ಲಕೋಟೆ. ಒಳಗೆ ದುಡ್ಡಿಲ್ಲ, ಅದೇ ಸಿನಿಮಾಕ್ಕೆ ಎರಡು ಫ್ರೀ ಟಿಕೆಟ್. ಬುದ್ಧಿ ಬೇಡವೇ.

ಬಾಗಿಲು ತೆಗೆದರೆ ಮನೆಯೆಲ್ಲ ಊದುಬತ್ತಿ ಹೊಗೆ. ನಮ್ಮ ಹಿರಿಯರ ಪೀಠದಲ್ಲಿ ಅಪ್ಪನ ಪಕ್ಕ ನಾನು. ಮುಂದೆ ಮೂರು ಕಿತ್ತಳೆ. ಅಮ್ಮ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು.

"ಅಮ್ಮ, ಅದು ಸಿನಿಮಾದ್ದು. ನಾನು ಇಲ್ಲೇ ಇದೀನಲ್ಲ."

ತಲೆಯೆತ್ತಿ ನೋಡಿದಳು. ಮರ್ಯಾದೆಯಿಂದ ಎದ್ದು ನಿಂತಳು.

"ಬನ್ನಿ, ಕೂತ್ಕೊಳ್ಳಿ. ನನ್ನ ಮಗಳು ಹೋಗ್ಬಿಟ್ಳು. ನಿಮಗೆ ಗೊತ್ತಿದ್ಲಾ ಅವಳು?"

ನನಗೆ 'ಬನ್ನಿ'. ಹುಟ್ಟಿದಾಗಿನಿಂದ 'ಏನೇ' ಅಂದವಳು.

ಮಾರ್ಚ್ 12

ಫೋಟೊ ತೆಗೆದು ಬೀರುವಿನ ಮೇಲಿಟ್ಟೆ. ಅಮ್ಮ ಎದೆ ಬಡಿದುಕೊಂಡು ಅತ್ತಳು, ಮಗಳನ್ನು ಎರಡನೇ ಸಲ ಕದ್ದಿರಿ ಅಂತ. ಗಂಜಿ ಮುಟ್ಟಲಿಲ್ಲ. ಮಧ್ಯಾಹ್ನ ಸೋತು ಮತ್ತೆ ಇಟ್ಟೆ. ಆಮೇಲೆ ಒಂದು ಬಟ್ಟಲು ಉಂಡಳು. ನಾನೇನು ಮಾಡಲಿ.

ಡಾಕ್ಟರ್ ಅಂದರು, ಈ ಮರೆವಿನ ಕಾಯಿಲೆಯಲ್ಲಿ ಹೀಗಾಗುತ್ತೆ, ವಾದ ಮಾಡಬೇಡಿ. ಕಾಯಿಲೆ ಸರಿ. ಆದರೆ ಪಕ್ಕದ ಮನೆಯವಳನ್ನು ಗುರುತು ಹಿಡಿಯುತ್ತಾಳೆ, ಬೋಕ್ ಅಣ್ಣನನ್ನು ಹಿಡಿಯುತ್ತಾಳೆ. ನಾನೊಬ್ಬಳೇ ಅವಳಿಗೆ ಹೊರಗಿನವಳು.

ಮಾರ್ಚ್ 20

ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೊಟ್ಟೆ ಭಾರ. ಬಾಯಲ್ಲಿ ಕಿತ್ತಳೆಯ ರುಚಿ. ಮನೆಗೆ ಬಂದು ನೋಡಿದರೆ ಅಮ್ಮ ಪೀಠದ ಮುಂದೆ ಹೊಸ ಕಿತ್ತಳೆ ಇಟ್ಟಿದ್ದಳು, ಸಿಪ್ಪೆ ಬಿಡಿಸಿ, ನಾರು ತೆಗೆದು. ಚಿಕ್ಕವಳಿದ್ದಾಗ ನನಗೆ ಹಾಗೆ ಕೊಡುತ್ತಿದ್ದಳು.

ಒಂದು ತೊಳೆ ತೆಗೆದು ಬಾಯಿಗೆ ಹಾಕಿಕೊಂಡೆ. ಸಪ್ಪೆ. ಒದ್ದೆ ಹತ್ತಿಯ ಹಾಗೆ.

ಮಾರ್ಚ್ 22, ಮಧ್ಯಾಹ್ನ

ಆ ಫ್ರೀ ಟಿಕೆಟ್ಟಿನಲ್ಲಿ ಮತ್ತೆ ಸಿನಿಮಾ ನೋಡಿದೆ. ಬೋಕ್ ಅಣ್ಣನೂ ಬಂದಿದ್ದರು. ಥಿಯೇಟರ್ ಅರ್ಧ ಖಾಲಿ. ಆಗಲೇಬೇಕು.

ಪೀಠದ ಸೀನ್ ಬಂತು. ಕಳಿಸಿದ ಫೋಟೊದಲ್ಲಿ ನಾನು ಕ್ಯಾಮೆರಾವನ್ನೇ ನೋಡುತ್ತಿದ್ದೆ. ಪ್ರಿವ್ಯೂನಲ್ಲೂ. ಇವತ್ತು ಕಣ್ಣು ಪಕ್ಕಕ್ಕೆ. ಊಟದ ಮೇಜಿನ ಕಡೆ. ಮೇಜಿನ ಮುಂದೆ ಅಜ್ಜಿ ಒಬ್ಬಳೇ ಕೂತು ಅನ್ನ ಬಡಿಸಿಕೊಳ್ಳುತ್ತಿದ್ದಳು.

"ಅಣ್ಣ, ಕಂಡ್ರಾ?"

"ಏನು?"

"ಏನಿಲ್ಲ."

ಹೊರಗೆ ಬಂದ ಮೇಲೆ ಕೇಳಿದೆ, ಈಗ ಯಾರು ಲಕೋಟೆ ಕೊಡಬೇಕು ಅಂತ. ಅಣ್ಣ ಅಂದರು, "ನಿಜವಾಗಿ ತೂಗುಹಾಕಿದ್ದು ನಿಮ್ಮಮ್ಮ ಅಲ್ವಾ? ಅವರ ಕೈಯಿಂದಲೇ ಇಸ್ಕೋ. ಮದುವೆ ಆಗ್ದೇ ಇರೋಳಿಗೆ ತಾಯಿ ಲಕೋಟೆ ಕೊಡೋದು ಇದ್ದೇ ಇದೆಯಲ್ಲ."

ಹೌದಲ್ಲ. ಈ ವಯಸ್ಸಲ್ಲೂ ಹೊಸವರ್ಷಕ್ಕೆ ತಪ್ಪದೆ ಕೊಡುತ್ತಾಳೆ, ಜೊತೆಗೆ ಯಾರನ್ನಾದರೂ ಕಟ್ಟಿಕೊಂಡಿದ್ದರೆ ಈ ದುಡ್ಡು ಉಳಿಯುತ್ತಿತ್ತು ಅನ್ನುವ ಕುಟುಕು. ಮನಸ್ಸು ಹಗುರಾಯಿತು. ಎಷ್ಟು ಸುಲಭ.

ಮಾರ್ಚ್ 23

ಸುಲಭ ಅಲ್ಲ.

"ಅಮ್ಮ, ನನಗೊಂದು ಕೆಂಪು ಲಕೋಟೆ ಕೊಡು."

"ನಿಮಗಾ?" ಪಾಪ, ಸಂಕೋಚಪಟ್ಟುಕೊಂಡಳು. ದಿಂಬಿನಡಿಯಿಂದ ಒಂದು ತೆಗೆದು ತೋರಿಸಿದಳು, ಮತ್ತೆ ಎದೆಗೆ ಒತ್ತಿಕೊಂಡಳು. "ಒಂದೇ ಇರೋದು. ಇದು ನನ್ನ ಮಗಳದು. ತಪ್ಪು ತಿಳ್ಕೋಬೇಡಿ."

"ನಾನೇ ನಿನ್ನ ಮಗಳು ಅಮ್ಮ. ಲಾಯ್-ಫನ್."

"ಹಾಗನ್ಬೇಡಿ. ಬದುಕಿರೋರು ಸತ್ತವರ ಹೆಸರು ಹೇಳ್ಕೋಬಾರದು. ನಿಮಗೂ ತಾಯಿ ಇರ್ತಾಳಲ್ಲ, ಕೇಳಿಸ್ಕೊಂಡ್ರೆ ನೊಂದ್ಕೋತಾಳೆ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವಳು ಮಲಗಿದ್ದಾಗ ಕದಿಯಬಹುದಿತ್ತು. ಕದ್ದರೆ ಕೊಟ್ಟ ಹಾಗಾಗುವುದಿಲ್ಲ.

ಏಪ್ರಿಲ್ 2

ಹನ್ನೊಂದಕ್ಕೆ ಗಿರಾಕಿ ಬಂದು ಒಳಗೆ ಇಣುಕಿ, ಯಾರೂ ಇಲ್ಲ ಅಂತ ಹೋದಳು. ನಾನು ಮಿಷನ್ನಿನ ಮುಂದೆಯೇ ಇದ್ದೆ. ಕೂಗಬಹುದಿತ್ತು. ಬೇಸರವಾಯಿತು, ಕೂಗಲಿಲ್ಲ.

ಏಪ್ರಿಲ್ 5

ಇವತ್ತು ಗೋರಿ ಗುಡಿಸುವ ಹಬ್ಬ. ಅಪ್ಪನ ಗೋರಿಗೆ ಬೋಕ್ ಅಣ್ಣ ಟ್ಯಾಕ್ಸಿ ಮಾಡಿಕೊಟ್ಟರು. ಸತ್ತವರಿಗೆ ಸೇರಲಿ ಅಂತ ಸುಡುವ ಕಾಗದದ ಬಟ್ಟೆ ಅಮ್ಮ ತರಿಸಿದ್ದಳು. ಒಂದು ನೀಲಿ ಬ್ಲೌಸ್.

"ನೀವೂ ಸ್ವಲ್ಪ ಹಿಡ್ಕೊಳ್ಳಿ. ಗಾಳಿ ಜಾಸ್ತಿ ಇದೆ, ಹಾರಿಹೋದ್ರೆ ಅವಳಿಗೆ ಸಿಗಲ್ಲ."

ಹಿಡಿದುಕೊಂಡೆ. ನನ್ನ ಬಟ್ಟೆಯನ್ನು ನಾನೇ ಬೆಂಕಿಗೆ ಹಾಕಿದೆ. ವಾರದಿಂದ ಬಿಡದ ಚಳಿ ಅದು ಉರಿದ ಹಾಗೆ ಬಿಟ್ಟಿತು. ಬೆನ್ನು, ತೋಳು, ಎಲ್ಲ ಬೆಚ್ಚಗಾಯಿತು. ಹೇಳಲು ಹೆದರಿಕೆ, ಹಿತವಾಯಿತು.

ಆಮೇಲೆ ಅಮ್ಮ ಜೇಬಿನಿಂದ ಆ ಲಕೋಟೆ ತೆಗೆದಳು. ತಡೆಯುವುದಕ್ಕೆ ಕೈ ಚಾಚಿದೆ. ಬೋಕ್ ಅಣ್ಣನೂ "ಅಮ್ಮ, ತಡೀರಿ" ಅಂದರು. ಅಷ್ಟರಲ್ಲಿ ಹಾಕಿಬಿಟ್ಟಳು.

"ಈ ಸಲ ಕುಟುಕಲ್ಲ ಕಣೇ," ಅಂದಳು ಬೆಂಕಿಗೆ. "ಒಬ್ಬಳೇ ಇದ್ದು ನನ್ನ ನೋಡ್ಕೊಂಡೆ. ನಾನು ಒಂದು ದಿನವೂ ಹೇಳ್ಲಿಲ್ಲ."

ಬೂದಿಯಲ್ಲಿ ನಾಣ್ಯವೊಂದು ಕರ್ರಗೆ ಉಳಿಯಿತು. ಬೋಕ್ ಅಣ್ಣ ನನ್ನ ಕಡೆ ನೋಡಲಿಲ್ಲ. ಟ್ಯಾಕ್ಸಿಯಲ್ಲಿ ಅಮ್ಮನ ಜೊತೆಗೇ ಮಾತಾಡುತ್ತಾ ಬಂದರು. ನನ್ನನ್ನು ಏನೂ ಕೇಳಲಿಲ್ಲ.

ಏಪ್ರಿಲ್ 6, ಸಂಜೆ

ಅಮ್ಮ ತಾನೇ ಎದ್ದು ಅನ್ನ ಮಾಡಿದ್ದಾಳೆ. ಎಷ್ಟೋ ವರ್ಷದ ಮೇಲೆ. ಉಪ್ಪುಮೀನು ಬೇಯಿಸಿದ ವಾಸನೆ. ಪೀಠದ ಮುಂದೆ ಬಟ್ಟಲಿಟ್ಟು, ಸತ್ತವರಿಗೆ ಬಡಿಸುವ ಹಾಗೆ ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿದ್ದಾಳೆ.

ನಾನು ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನನ್ನೆದುರು ಬಟ್ಟಲಿಲ್ಲ. ಹೊಟ್ಟೆ ಹಸಿದಿದೆ. ಎಷ್ಟೋ ದಿನದ ಮೇಲೆ ನಿಜವಾಗಿ ಹಸಿದಿದೆ.

ಸತ್ತವರನ್ನು ಊಟಕ್ಕೆ ಹೆಸರು ಹಿಡಿದು ಕರೆಯಬೇಕು. ಅಪ್ಪನಿಗೆ ನಾವು ಕರೆಯುತ್ತೇವೆ. ಬದುಕಿರುವವರು ಆ ಕರೆಗೆ ಓಗೊಡಬಾರದು, ಅದು ಎಳೆಯ ಮಕ್ಕಳಿಗೂ ಗೊತ್ತು.

ಕರೆದಳು.

"ಲಾಯ್-ಫನ್."

ಕೇಳದ ಹಾಗೆ ಕೂತಿದ್ದೇನೆ. ಪೆನ್ನು ಬಿಡಬಾರದು. ಬೋಕ್ ಅಣ್ಣನಿಗೆ ಫೋನ್ ಮಾಡಬೇಕು.

"ಲಾಯ್-ಫನ್, ಬಾರೇ. ಮೀನಿನ ಮುಳ್ಳು ತೆಗ್ದಿದೀನಿ."

ಬಾರೇ ಅಂದಳು. ಒಂದು ತಿಂಗಳಾಯಿತು ಈ ದನಿ ಕೇಳಿ. ಅತ್ತ ತಿರುಗಿ ಕರೆಯುತ್ತಿದ್ದಾಳೆ, ಬೆನ್ನು ನನಗೆ. ನಾನು ಹೋಗದಿದ್ದರೆ ಅವಳು ಉಣ್ಣುವುದಿಲ್ಲ, ಗೊತ್ತು. ಹೊರಗಿನವಳಾಗಿ ಇದೇ ಕುರ್ಚಿಯಲ್ಲಿ ಎಷ್ಟು ದಿನ ಕೂರಲಿ, ಅವಳು ನನಗೆ ಬನ್ನಿ, ಹೋಗಿ ಅನ್ನುತ್ತಾ...

"ಏನೇ, ಕೇಳಿಸ್ತಾ ಇಲ್ವೇನೇ? ಅನ್ನ ಆರ್ತಾ ಇದೆ."

ಬಂದೆ ಅಮ್