ಅವಳ ಹೆಸರಿನಲ್ಲಿ ನೀವು ಬರೆದದ್ದು

ಕ್ರಾಸ್‌ರೋಡ್ಸ್, ಬೆಲ್ವ್ಯೂ
18 ಫೆಬ್ರವರಿ 2016, ಗುರುವಾರ

ಸ್ಪಂದನಾಳ ಅಪ್ಪನವರಿಗೆ,

ನಮಸ್ಕಾರ. ನಿಮ್ಮ ಹೆಸರು ಹಿಡಿದು ಬರೆದು ನನಗೆ ಅಭ್ಯಾಸವಿಲ್ಲ. ‘ಪ್ರೀತಿಯ’ ಎಂದು ಶುರು ಮಾಡಲು ಇವತ್ತು ಕೈ ಬರುತ್ತಿಲ್ಲ. ಅದಕ್ಕೇ ನೀವು ಯಾರಿಗೆ ಅಪ್ಪ ಎಂಬುದನ್ನಷ್ಟೇ ನೆನಪಿಸಿ ಬರೆಯಲು ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ಎರಡು ಮಾತು ಕೇಳಿ, ಇಲ್ಲಿ ಜನ ಇದಾರೆ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡುತ್ತೀರಿ. ಎದುರು ಬ್ಲಾಕಿನ ಬದರಿನಾಥ ಶನಿವಾರ ಮೈಸೂರಿಗೆ ಹೊರಟಿದ್ದಾರೆ. ನಿಮ್ಮ ತಂಗಿ ವಸಂತಲಕ್ಷ್ಮಿ ಕೇಳಿದ್ದ ವಿಟಮಿನ್ ಮಾತ್ರೆ, ಬಾದಾಮಿ ಪೊಟ್ಟಣದ ಜೊತೆ ಇದನ್ನೂ ಕೊಟ್ಟು ಕಳಿಸುತ್ತಿದ್ದೇನೆ. ಗೃಹಪ್ರವೇಶಕ್ಕೆಂದು ನೀವು ಹೋಗಿರುವ ಅವಳ ಹೊಸ ಮನೆಯಲ್ಲಿ ನೆಂಟರ ಮಧ್ಯೆ ಓದಬೇಡಿ. ಒಬ್ಬರೇ ಕೂತು ಓದಿ.

ಮಂಗಳವಾರ ಮಧ್ಯಾಹ್ನ ಸ್ಪಂದನಾ ಹೇಳದೆ ಕೇಳದೆ ಕಾಲೇಜಿನಿಂದ ಬಸ್ಸು ಹತ್ತಿ ಮನೆಗೆ ಬಂದಳು. ಶೂ ಬಿಚ್ಚದೆ ಹಾಲಿಗೆ ಬಂದು ನಿಂತಳು. ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಲು ಹೋದೆ. ಅವಳು ಫೋನನ್ನು ನನ್ನ ಮುಂದೆ ಹಿಡಿದು, ಅಮ್ಮ, ಇದು ಅಪ್ಪಾನಾ ಅಂತ ಕೇಳಿದಳು.

ನೀವು ಮೈಸೂರಿಗೆ ಹೊರಡುವ ಹಿಂದಿನ ದಿನ, ಅವಳು ಕೆಮಿಸ್ಟ್ರಿ ಲ್ಯಾಬಿನಲ್ಲಿ ನಿಂತಿದ್ದ ಹೊತ್ತಿಗೆ, ಅವಳ ಕಾಲೇಜಿನ ಮೇಲ್‌ನಿಂದ ಅವಳದೇ ಹೆಸರಿನಲ್ಲಿ ಅವಳ ಹಿಸ್ಟರಿ ಪ್ರೊಫೆಸರಿಗೆ ಒಂದು ಮೇಲ್ ಹೋಗಿದೆ. ನನ್ನ ಗುರಿ ಮೆಡಿಕಲ್, ಹಿಸ್ಟರಿ ನನಗೆ ಬರೀ ಹವ್ಯಾಸ, ಅದನ್ನು ಡಿಗ್ರಿಯ ಮುಖ್ಯ ವಿಷಯವಾಗಿ, ಮೇಜರ್ ಆಗಿ ತೆಗೆದುಕೊಳ್ಳುವ ಯೋಚನೆ ಬಿಟ್ಟು ಬಯೋಕೆಮಿಸ್ಟ್ರಿಗೆ ಹೋಗುತ್ತಿದ್ದೇನೆ, ನಿಮ್ಮ ಸೆಮಿನಾರ್ ತರಗತಿಯಿಂದ ನನ್ನ ಹೆಸರು ತೆಗೆದುಬಿಡಿ ಎಂದು. ಕೊನೆಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’. ಅಷ್ಟು ಓದುತ್ತಲೇ ನನಗೆ ಗೊತ್ತಾಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಯಾವ ಮಗು ನಮ್ಮ ಕಡೆಯ ಆಫೀಸು ಇಂಗ್ಲಿಷಿನಲ್ಲಿ ಹಾಗೆ ಬರೆಯುತ್ತದೆ? ಇಷ್ಟು ವರ್ಷ ಸಾಫ್ಟ್‌ವೇರಿನಲ್ಲಿ ಇದ್ದವರಿಗೆ, ಕಳಿಸಿದ ಮೇಲ್ ಅಲ್ಲೇ ‘ಸೆಂಟ್’ ಎನ್ನುವ ಕಡೆ ಉಳಿದಿರುತ್ತದೆ ಎನ್ನುವುದೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಬ್ಯಾಂಕಿನಿಂದ ಹಿಡಿದು ಲೈಬ್ರರಿ ಕಾರ್ಡಿನವರೆಗೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್, ಮನೆದೇವರ ಹೆಸರು, ಮುಂದೆ ನೂರೆಂಟು. ಮಗಳ ಕಾಲೇಜಿಗೂ ಅದನ್ನೇ ಹಾಕಿಕೊಟ್ಟವರು ನೀವೇ. ದೇವರ ಹೆಸರನ್ನು ಇಂಥ ಕೆಲಸಕ್ಕೆ ಬಳಸಿದಿರಿ.

ಆ ಮೇಲ್ ಕಳಿಸಿದ ರಾತ್ರಿ ನೀವು ಊಟಕ್ಕೆ ಕೂತು, ಸಾರು ಚೆನ್ನಾಗಿದೆ ಅಂದಿರಿ. ಮಾರನೇ ದಿನ ನಾನು ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದು ವಿಮಾನ ಹತ್ತಿದಿರಿ. ಏರ್‌ಪೋರ್ಟಿನಲ್ಲಿ ಮಗಳನ್ನು ತಬ್ಬಿಕೊಂಡು, ಚೆನ್ನಾಗಿ ಓದು ಪುಟ್ಟಾ ಅಂದಿರಿ. ಅದನ್ನು ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ರೊಫೆಸರಮ್ಮನ ಉತ್ತರ ಮಂಗಳವಾರ ಬಂತು. ನೇರವಾಗಿ ತಿಳಿಸಿದ್ದಕ್ಕೆ ವಂದನೆ, ಒಳ್ಳೆಯದಾಗಲಿ, ನಿನ್ನ ಜಾಗವನ್ನು ಕಾಯುತ್ತಿದ್ದ ಇನ್ನೊಬ್ಬರಿಗೆ ಕೊಡುತ್ತಿದ್ದೇನೆ ಎಂದು ಮೂರೇ ಸಾಲು. ಒಂದು ಕೆಟ್ಟ ಮಾತಿಲ್ಲ. ಸ್ಪಂದನಾ ಅದನ್ನು ನನಗೆ ಎರಡು ಸಲ ಓದಿ ಹೇಳಿದಳು.

ನನ್ನ ಸಿಟ್ಟು ನಿಮಗೆ ಅತಿಯಾಯಿತು ಅನ್ನಿಸಬಹುದು. ಮಗಳ ಒಳ್ಳೆಯದಕ್ಕೇ ಮಾಡಿದೆ ಅನ್ನುತ್ತೀರಿ. ಕಳೆದ ಬೇಸಿಗೆಯಲ್ಲಿ ನಾವು ಮೂವರೂ ಕಾಲೇಜಿನ ಸಲಹೆಗಾರರ ಮುಂದೆ ಕೂತಿದ್ದೆವು, ಜ್ಞಾಪಕ ಮಾಡಿಕೊಳ್ಳಿ. ಮೆಡಿಕಲ್ ಸ್ಕೂಲಿನವರು ಇಂಥದ್ದೇ ಮೇಜರ್ ಎಂದು ಕೇಳುವುದಿಲ್ಲ, ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸಿನ ಬೇಕಾದ ಕೋರ್ಸುಗಳನ್ನು ಮುಗಿಸಿರಬೇಕು, ಒಳ್ಳೆಯ ಅಂಕ ಬೇಕು, ಪ್ರವೇಶ ಪರೀಕ್ಷೆ ಚೆನ್ನಾಗಿ ಮಾಡಬೇಕು, ನಿನ್ನನ್ನು ಹತ್ತಿರದಿಂದ ಬಲ್ಲ ಮೇಷ್ಟ್ರುಗಳ ಶಿಫಾರಸು ಬೇಕು ಎಂದು ಆ ಮನುಷ್ಯ ಬಿಡಿಸಿ ಬಿಡಿಸಿ ಹೇಳಿದರು. ಈಗ ಆ ಪರೀಕ್ಷೆಯಲ್ಲೇ ಸಮಾಜ, ಮನಸ್ಸು ಇವುಗಳ ಬಗ್ಗೆಯೂ ಕೇಳುತ್ತಾರೆ ಎಂದರು. ನೀವು ತಲೆಯಾಡಿಸಿದಿರಿ. ಕಾರು ಹತ್ತಿದ ಮೇಲೆ, ಇವರು ಎಲ್ಲರಿಗೂ ಹೀಗೇ ಹೇಳ್ತಾರೆ, ಬದರಿನಾಥನ ಅಣ್ಣನ ಮಗ ಬಯೋಕೆಮಿಸ್ಟ್ರಿ ತಗೊಂಡೇ ಡಾಕ್ಟರಾಗಿದ್ದು ಅಂದಿರಿ. ಮನೆಯ ದಾರಿಯ ಸೇತುವೆ ದಾಟುವಷ್ಟರಲ್ಲಿ ಆ ಮನುಷ್ಯನ ಮಾತೆಲ್ಲ ನಿಮ್ಮ ಮಟ್ಟಿಗೆ ಅಳಿಸಿಹೋಗಿತ್ತು.

ಬೇಕಾದ ಕೋರ್ಸಿನಲ್ಲಿ ಅವಳು ಒಂದನ್ನಾದರೂ ಬಿಟ್ಟಿದ್ದಾಳೆಯೇ? ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೆದರಿ ಅವಳ ಗೆಳತಿಯರು ಮೆಡಿಕಲ್ಲನ್ನೇ ಬಿಟ್ಟರು, ಇವಳು ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ನೀವು ಲ್ಯಾಪ್‌ಟಾಪ್ ತೆರೆದು ಆಫೀಸಿನವರ ಹಾಗೆ ಅವಳ ಸ್ಟೇಟಸ್ ಕೇಳುತ್ತೀರಲ್ಲ, ಅದಕ್ಕೂ ತಪ್ಪದೆ ಫೋನಿನಲ್ಲಿ ಬರುತ್ತಾಳೆ. ಯಾವ ಕೋರ್ಸು ಎಲ್ಲಿಗೆ ಬಂತು, ಯಾವುದರಲ್ಲಿ ರಿಸ್ಕ್ ಇದೆ ಎಂದು ಪ್ರಾಜೆಕ್ಟ್ ಮ್ಯಾನೇಜರಿಗೆ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ. ಈ ಎರಡು ವರ್ಷದಲ್ಲಿ ಹಿಸ್ಟರಿಯಲ್ಲಿ ಏನು ಓದುತ್ತಿದ್ದೀಯ ಎಂದು ನೀವು ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಕೇಳಿದ್ದೇನೆ. ನೀವೂ ಈಗ ತಿಳಿದುಕೊಳ್ಳಿ. ನೂರು ಚಿಲ್ಲರೆ ವರ್ಷದ ಹಿಂದೆ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಅದರ ಬಗ್ಗೆ ಓದುತ್ತಿದ್ದಾಳೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಜನ ಬಚ್ಚಿಡುತ್ತಿದ್ದರಂತೆ, ತಪಾಸಣೆಯವರು ಬಂದರೆ ಹಿತ್ತಿಲ ಬಾಗಿಲಿಂದ ಓಡುತ್ತಿದ್ದರಂತೆ, ಚುಚ್ಚುಮದ್ದು ಎಂದರೆ ನಡುಗುತ್ತಿದ್ದರಂತೆ. ಬದುಕಿಸಲು ಬಂದವರನ್ನು ಕಂಡೇ ಯಾಕೆ ಓಡಿದರು ಎನ್ನುವುದು ಇವಳ ಪ್ರಶ್ನೆ. ನನ್ನ ಅಮ್ಮನಿಗೆ ಫೋನ್ ಮಾಡಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಪ್ಲೇಗಮ್ಮನ ಗುಡಿಯ ವಿಷಯವೆಲ್ಲ ಕೇಳಿಕೊಂಡಳು. ಅದು ಗೊತ್ತಾಗದೆ ನಾನು ಡಾಕ್ಟರಾದರೆ ನನ್ನನ್ನು ಕಂಡೂ ಜನ ಓಡ್ತಾರೆ ಅಮ್ಮ ಅಂದಳು. ಇದು ಡಾಕ್ಟರಾಗದೆ ತಪ್ಪಿಸಿಕೊಳ್ಳುವವಳ ಮಾತೇ? ಹಿಸ್ಟರಿಯೇ ನನ್ನ ಮೇಜರ್ ಎಂದು ಅವಳು ಗಟ್ಟಿ ಮಾಡಿಕೊಂಡದ್ದು ಇದಕ್ಕೇ. ಇದನ್ನೇ ಆ ಪ್ರೊಫೆಸರಮ್ಮನ ಸೆಮಿನಾರಿನಲ್ಲಿ ದೊಡ್ಡ ಪ್ರಬಂಧವಾಗಿ ಬರೆಯಬೇಕಿತ್ತು. ಬೆರಳೆಣಿಕೆಯ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುವ ಸೆಮಿನಾರು. ಮೆಡಿಕಲ್‌ಗೆ ಅರ್ಜಿ ಹಾಕುವಾಗ ಶಿಫಾರಸು ನಾನೇ ಬರೆಯುತ್ತೇನೆ ಎಂದು ಆಕೆ ಮೊದಲೇ ಹೇಳಿದ್ದರು. ಮಗಳಿಗೆ ಮೆಡಿಕಲ್ ಬಾಗಿಲು ತೆರೆಯಲಿ ಎಂದು ನೀವು ಮಾಡಿದ ಕೆಲಸದಿಂದ, ಆ ಬಾಗಿಲ ಹತ್ತಿರ ಅವಳ ಪರವಾಗಿ ನಿಲ್ಲಬೇಕಿದ್ದವರೇ ದೂರ ಸರಿದರು.

ಇದು ಸಾಲದು ಎಂದು ನಿನ್ನೆ ವಸಂತಲಕ್ಷ್ಮಿ ಫೋನ್ ಮಾಡಿ ನನಗೆ ಅಭಿನಂದನೆ ಹೇಳಿದಳು. ಗೃಹಪ್ರವೇಶದ ಊಟದ ಹೊತ್ತಿಗೆ ನೀವು ಮೈಕ್ ಹಿಡಿದು, ಮಗಳಿಗೆ ಅಮೆರಿಕದಲ್ಲಿ ಮೆಡಿಕಲ್ ಸೀಟ್ ಆಯ್ತು ಅಂದಿರಂತೆ. ನೆಂಟರು ಚಪ್ಪಾಳೆ ಹೊಡೆದು ನಿಮಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದರಂತೆ. ಫೋಟೋ ಕೂಡ ಕಳಿಸಿದ್ದಾಳೆ, ಚೆನ್ನಾಗಿ ಒಪ್ಪುತ್ತದೆ ನಿಮಗೆ. ಅವಳಿಗೆ ನಾನೇ ಬಿಡಿಸಿ ಹೇಳಿದೆ, ಇಲ್ಲಿ ಪಿಯುಸಿ ಆದ ಕೂಡಲೇ ಮೆಡಿಕಲ್ ಸೇರುವ ಪದ್ಧತಿ ಇಲ್ಲ, ಮೊದಲು ಯಾವುದಾದರೂ ಒಂದು ಮೇಜರ್ ಹಿಡಿದು ನಾಲ್ಕು ವರ್ಷದ ಡಿಗ್ರಿ ಮಾಡಬೇಕು, ಇವಳಿಗೆ ಅರ್ಜಿ ಹಾಕಲಿಕ್ಕೇ ಇನ್ನೂ ವರ್ಷದ ಮೇಲಿದೆ ಎಂದು. ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದಳು. ಆ ಕಾಲದಲ್ಲಿ ಸಿಇಟಿ ಕೌನ್ಸೆಲಿಂಗಿನ ಹಾಲಿನಲ್ಲಿ ವಸಂತಲಕ್ಷ್ಮಿಯ ಹೆಸರು ಕರೆದಾಗ, ಅವಳು ಬಾಯಿ ತೆಗೆಯುವ ಮುಂಚೆ ಪಕ್ಕದಲ್ಲಿ ಕೂತ ನೀವು ‘ಡೆಂಟಲ್’ ಅಂದುಬಿಟ್ಟಿರಂತೆ. ಅವಳಿಗೆ ಅಗ್ರಿಕಲ್ಚರ್ ಬೇಕಿತ್ತಂತೆ. ಅಣ್ಣನಿಗೆ ಹೇಗೆ ಎದುರಾಡೋದು ಅತ್ತಿಗೆ, ಸುಮ್ನಾದೆ ಅಂದಳು. ಮದುವೆಯಾದ ಮೇಲೆ ಅವಳು ಒಬ್ಬರ ಹಲ್ಲನ್ನೂ ಮುಟ್ಟಿಲ್ಲ, ಹೊಸ ಮನೆಯ ತಾರಸಿಯ ತುಂಬ ಕುಂಡ ಇಟ್ಟುಕೊಂಡಿದ್ದಾಳೆ. ಒಮ್ಮೆ ಮೇಲೆ ಹತ್ತಿ ನೋಡಿ ಬನ್ನಿ.

ನಿಮ್ಮ ಮನೆಯಲ್ಲಿ ಹಿಂದಿನಿಂದ ನಡೆದು ಬಂದದ್ದು ಹೀಗೆಯೇ ಇರಬಹುದು. ಮನೆಯ ಹಿರಿಯ ಗಂಡಸು ಕೂತು ಎಲ್ಲರ ಅರ್ಜಿ ತುಂಬುತ್ತಾನೆ, ಉಳಿದವರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ನಾನೂ ಹಾಕಿದ್ದೇನೆ, ನನಗೇನೂ ಅನ್ನಿಸಿರಲಿಲ್ಲ. ಆದರೆ ಸ್ಪಂದನಾಳ ವಿಷಯದಲ್ಲಿ ನೀವು ಸಹಿಯನ್ನೂ ಕೇಳಲಿಲ್ಲ. ಅವಳ ಬಾಯಲ್ಲಿ ನಿಮ್ಮ ಮಾತು ತುರುಕಿ, ಅವಳು ಗೌರವಿಸುವವರ ಮುಂದೆ ಅವಳನ್ನೇ ಚಂಚಲೆಯೆಂದು ತೋರಿಸಿದಿರಿ. ಅದು ಅಪ್ಪನ ಪ್ರೀತಿ ಎಂದು ನಾನು ಒಪ್ಪುವುದಿಲ್ಲ.

ನಿನ್ನೆ ಬುಧವಾರ ಸ್ಪಂದನಾ ಪ್ರೊಫೆಸರಮ್ಮನನ್ನು ಖುದ್ದು ನೋಡಿ ಮಾತಾಡಿ ಬಂದಳು. ಸೀಟು ವಾಪಸು ಬರಲಿಲ್ಲ. ಆದರೆ ಹೆಸರುಗಳು ಅಂತಿಮವಾಗುವುದು ತಿಂಗಳ ಕೊನೆಗಂತೆ, ಅಲ್ಲಿಯವರೆಗೆ ಸಮಯವಿದೆ. ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಸ್ವಂತ ಮೇಲ್‌ನಿಂದ, ನಿಮ್ಮ ಸ್ವಂತ ಹೆಸರಿನಲ್ಲಿ, ಅದನ್ನು ಬರೆದವನು ನಾನು, ನನ್ನ ಮಗಳಿಗೆ ತಿಳಿಯದೆ ಬರೆದೆ ಎಂದು ಆಕೆಗೆ ಬರೆಯಿರಿ. ಕಾರಣಗಳನ್ನು ಪೋಣಿಸಬೇಡಿ. ನಮ್ಮ ಸಂಸ್ಕೃತಿಯಲ್ಲಿ ಹೀಗೆ ಎಂದು ಶುರು ಮಾಡಿದರೆ ನಾನು ನಿಮ್ಮನ್ನು ಕರೆತರಲು ಏರ್‌ಪೋರ್ಟಿಗೆ ಬರುವುದಿಲ್ಲ, ಟ್ಯಾಕ್ಸಿ ಮಾಡಿಕೊಂಡು ಬನ್ನಿ. ಬರೆದಾದ ಮೇಲೆ ಮಗಳಿಗೆ ಫೋನ್ ಮಾಡಿ. ಭಾನುವಾರದ ಮೀಟಿಂಗಿಗೆ ಅವಳು ಇನ್ನು ಬರುವುದಿಲ್ಲ, ಬೇರೆ ದಿನ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ, ಎತ್ತುವವರೆಗೂ ಮಾಡಿ.

ಬಿಪಿ ಮಾತ್ರೆ ಕೆಂಪು ಡಬ್ಬಿಯಲ್ಲಿದೆ, ಮರೆಯಬೇಡಿ. ಸಿಟ್ಟು ಬೇರೆ, ಅದು ಬೇರೆ.

ಇಂತಿ,
ಸ್ಪಂದನಾಳ ಅಮ್ಮ,
ರುಕ್ಮಿಣಿ

ಬರೆಯಬಾರದೆಂದು ಬಿಟ್ಟ ಮಾತು: ಇದನ್ನು ನಿಮಗೆ ಹೇಳಬಾರದೆಂದು ಸ್ಪಂದನಾ ನನ್ನ ಕೈಲಿ ಆಣೆ ಮಾಡಿಸಿಕೊಂಡಿದ್ದಳು. ಲಕೋಟೆ ಅಂಟಿಸಿ ಆಗಿತ್ತು, ಮನಸ್ಸು ತಡೆಯದೆ ಮತ್ತೆ ಬಿಚ್ಚಿದ್ದೇನೆ. ಬುಧವಾರ ಪ್ರೊಫೆಸರಮ್ಮ ಅವಳನ್ನು ಕೂರಿಸಿಕೊಂಡು, ಆ ಮೇಲ್ ನಿಜವಾಗಿ ನೀನೇ ಬರೆದದ್ದೇ, ಬೇರೆಯವರು ಬರೆದಿದ್ದರೆ ಹೇಳು, ನಿನ್ನ ಜಾಗ ನಿನಗೇ ಇರುತ್ತದೆ ಎಂದು ಕೇಳಿದರಂತೆ. ಇವಳು, ನಾನೇ ಬರೆದೆ ಅಂದಳಂತೆ. ನಾನು ಅವಳ ಮೇಲೆ ಹಾರಾಡಿದೆ, ಯಾಕೇ ಹಾಗಂದೆ ಅಂತ. ಅವರು ಅಪ್ಪನ್ನ ಕೆಟ್ಟವರು ಅಂದುಕೊಳ್ಳೋದು ನಂಗೆ ಬೇಡ ಅಮ್ಮ ಅಂದಳು. ಮೊದಲ ಸಲ ಆ ಸೀಟನ್ನು ನೀವು ಕಳೆದಿರಿ. ಎರಡನೇ ಸಲ ಅದು ಅವಳ ಕೈಗೇ ಬಂದಿತ್ತು, ನಿಮಗೋಸ್ಕರ ಬಿಟ್ಟು ಬಂದಳು.