ತುಳಸಿಕಟ್ಟೆಯ ಮೇಲಿನ ಜನಿವಾರ

ಹುನಗುಂದ
ಮಂಗಳವಾರ, ತಾ. ೧೪-೨-೧೯೫೬

ಚಿ. ಸೌ. ಸುಲಭಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆದ ಮೇಲೆಯೇ ಉಳಿದ ಸುದ್ದಿ ಬರೆಯಬೇಕೆಂದು ನಿನಗೆ ಕಲಿಸಿದವಳು ನಾನೇ. ಇವತ್ತು ಹಾಗೆ ಬರೆಯಲು ಕೈ ಏಳುತ್ತಿಲ್ಲ. ನಿನ್ನ ತಮ್ಮ ಗುರುರಾಜ ನಿನ್ನೆ ಬೆಳಗಿನಿಂದ ಮನೆಯಲ್ಲಿಲ್ಲ. ಇಷ್ಟು ಓದಿದ ಕೂಡಲೇ ಅಳಿಯಂದಿರನ್ನು ಬಾಗಲಕೋಟೆ ಸ್ಟೇಶನ್ನಿಗೆ ಕಳಿಸು. ಯಾಕೆ, ಏನು ಎಂಬುದನ್ನು ಆಮೇಲೆ ಓದುವಿಯಂತೆ. ಮೊದಲು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಬೀಳಲಿ.

ಗಾಬರಿಯಾಗಬೇಡ ಎಂದು ಬರೆಯಲಾರೆ.

ಇಲ್ಲಿ ಸಂತೆಯ ಬಯಲಿನಲ್ಲಿ ಜಲಾಲುದ್ದೀನನ ಟೂರಿಂಗ್ ಟಾಕೀಸಿನವರು ತಂಬು ಹಾಕಿದ್ದರು. ಹೋದ ವಾರ ಮನೆಮಂದಿಯೆಲ್ಲ ಹೋಗಿ ಒಂದು ಚಿತ್ರ ನೋಡಿಬಂದೆವು. ರಾಜರಾಣಿಯರಿಲ್ಲ, ದೇವರುದಿಂಡರಿಲ್ಲ. ನಮ್ಮಂಥದೇ ಮನೆ, ನಮ್ಮಂಥದೇ ಒಲೆ, ನಮ್ಮ ಗುರುವಿನ ವಾರಿಗೆಯ ಒಬ್ಬ ಹುಡುಗ. ಅವನು ಸಾಲೆ ತಪ್ಪಿಸುತ್ತಾನೆ, ಸಿಟ್ಟು ಬಂದರೆ ಕೈಗೆ ಸಿಕ್ಕದ್ದನ್ನು ಒಡೆಯುತ್ತಾನೆ, ಯಾರೇನು ಬೈದರೂ ಬಾಯಿ ಬಿಡುವುದಿಲ್ಲ. ತಂದೆ ಹೊಡೆಯುತ್ತಾನೆ. ಕಡೆಗೆ ಒಂದು ದಿನ ನಸುಕಿನಲ್ಲಿ ಮನೆ ಬಿಟ್ಟು ರೇಲ್ವೆ ಹಳಿಯ ಮೇಲೆ ನಡೆಯುತ್ತ ಹೋಗುತ್ತಾನೆ. ಎದುರಿನಿಂದ ಗಾಡಿ ಸಿಳ್ಳು ಹಾಕುತ್ತದೆ. ಅಷ್ಟಕ್ಕೆ ಪರದೆ ಬೆಳ್ಳಗಾಗುತ್ತದೆ.

ಹೆಂಗಸರ ಕಡೆ ಅಳದವರೇ ಇಲ್ಲ. ಬಾಜೂ ಮನೆಯ ಸರಸ್ವತೀಬಾಯಿ ತನ್ನ ಸೆರಗು ಸಾಲದೆ ನನ್ನ ಸೆರಗಿನಲ್ಲೂ ಮೂಗು ಒರೆಸಿಕೊಂಡಳು. ಇನ್ನು ನಿಮ್ಮಪ್ಪನ ಮಾತು ಕೇಳು. ಕೋರ್ಟಿನ ಶಿರಸ್ತೇದಾರರಾಗಿ ಎಂಥೆಂಥವರ ಅಳು ಕಂಡರೂ ಕಣ್ಣು ಪಿಳುಕಿಸದ ಮನುಷ್ಯ, ಅಂದು ಕುರ್ಚಿಯಲ್ಲಿ ಕೂತು ಉಪರಣಿಯಿಂದ ಕಣ್ಣು ಒರೆಸುತ್ತಿದ್ದರು! ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಹಾಡು: ‘ಏನಾತಪಾ ನಿನಗ ಅಂತ ಒಬ್ಬರರ ಕೇಳಬೇಕಾಗಿತ್ತು ಆ ಹುಡುಗಗ. ಒಬ್ಬರೂ ಕೇಳಲಿಲ್ಲ ನೋಡು, ಪಾಪ.’ ಗುರು ಕಂದೀಲು ಹಿಡಿದು ಮುಂದೆ ನಡೆದಿದ್ದ. ಈ ಮಾತಿಗೆ ಒಮ್ಮೆ ನಿಂತು, ತಿರುಗಿ ಅಪ್ಪನ ಮುಖ ನೋಡಿದ. ಏನೋ ಹೇಳುತ್ತಾನೆ ಎಂದುಕೊಂಡೆ. ಕಂದೀಲಿನ ಬತ್ತಿ ಏರಿಸಿ ಮತ್ತೆ ನಡೆದ.

ನಮ್ಮ ಹುಡುಗ ಈ ವರ್ಷ ಹೇಗಾಗಿದ್ದಾನೆಂದು ನಿನಗೆ ಪೂರಾ ಗೊತ್ತಿಲ್ಲ. ದೀಪಾವಳಿಗೆ ಬಂದಾಗ ನೀನು ಕೇಳಿದ್ದಕ್ಕೆ ನಾನು ‘ಬೆಳೀತಾನ, ಅದಕ್ಕ ಹಂಗ’ ಎಂದು ತೇಲಿಸಿಬಿಟ್ಟೆ. ಅವನ ಧ್ವನಿ ಒಡೆದಿದೆ. ಸಾಲೆಯಲ್ಲಿ ಸಂಸ್ಕೃತದ ಮಾಸ್ತರರು ಎದ್ದು ನಿಲ್ಲಿಸಿ ಶ್ಲೋಕ ಹೇಳಿಸಿದಾಗ ಅರ್ಧಕ್ಕೇ ಧ್ವನಿ ಕೀರಲಾಯಿತಂತೆ. ವರ್ಗವೆಲ್ಲ ನಕ್ಕಿತು, ಮಾಸ್ತರರೂ ನಕ್ಕು ಇನ್ನೊಮ್ಮೆ ಹೇಳು ಎಂದರಂತೆ. ಇವನು ಮಸಿಕುಡಿಕೆ ಎತ್ತಿ ಗೋಡೆಗೆ ಒಗೆದ. ಆವತ್ತಿನಿಂದ ಮನೆಯಲ್ಲೂ ಮಾತು ಬಂದ್. ಊಟಕ್ಕೆ ಬಾ ಎಂದರೆ ಸಿಡುಕು, ಬೇಡ ಎಂದು ಬಿಟ್ಟರೆ ಕಣ್ಣಲ್ಲಿ ನೀರು. ಪಡಸಾಲೆಯ ಕನ್ನಡಿಗೆ ಗುದ್ದಿ ಕೈ ಕೊಯ್ದುಕೊಂಡ. ಚಿತ್ರದ ಹುಡುಗನಿಗಾಗಿ ನನ್ನ ಸೆರಗು ತೋಯಿಸಿದಳಲ್ಲ ಸರಸ್ವತೀಬಾಯಿ, ಅವಳೇ ಮರುದಿನ ‘ನಿಮ್ಮ ಹುಡುಗ ಕೈಬಿಟ್ಟು ಹೋಗ್ಯಾನ್ರಿ, ನಮ್ಮ ಹುಡುಗೂರ ಜೋಡಿ ಬಿಡಬ್ಯಾಡ್ರಿ’ ಎಂದು ಹೇಳಿಹೋದಳು.

ರವಿವಾರ ಸಂಜೆ ಯಾರೋ ನಿಮ್ಮಪ್ಪನಿಗೆ ಸುದ್ದಿ ಮುಟ್ಟಿಸಿದರು. ಗುರು ಸಾಲೆಗೆ ಹೋಗುವುದು ಬಿಟ್ಟು ದಿನಾಲೂ ಆ ತಂಬಿನಲ್ಲಿ ಕೂತಿರುತ್ತಾನೆ, ಬಿಡದೆ ಅದೇ ಚಿತ್ರ ನೋಡುತ್ತಾನೆ ಎಂದು. ಜಂತಿಗೆ ಸಿಕ್ಕಿಸಿದ್ದ ಬೆತ್ತ ಕೆಳಗೆ ಬಂತು. ನಾನು ಅಡ್ಡ ಹೋದೆ, ನನ್ನನ್ನು ಸರಿಸಿದರು. ‘ಅಲ್ಲೇನದ ಅಂತ ಹೋಗ್ತಿ, ಹೇಳು’ ಎಂದು ಕೇಳುತ್ತ ಕೇಳುತ್ತಲೇ ಹೊಡೆದರು. ಒಂದೇ ಸಲ ಬಾಯಿ ಬಿಟ್ಟ ನನ್ನ ಕೂಸು: ‘ಅಲ್ಲೆ ಎಲ್ಲಾರೂ ಅವನ ಸಲುವಾಗಿ ಅಳ್ತಾರ.’ ಅಷ್ಟಕ್ಕೆ ಇನ್ನೊಂದು ಏಟು ಬಿತ್ತು, ಬೆತ್ತದ ತುದಿ ಸಿಕ್ಕಿ ಜನಿವಾರ ಹರಿಯಿತು. ಆಗ ನಿಂತರು. ಹುಡುಗನ ಬೆನ್ನು ಕಂಡು ನಿಲ್ಲದ ಕೈ ಜನಿವಾರ ಹರಿದದ್ದು ಕಂಡು ನಿಂತಿತು. ಇದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಗುರು ಅಳಲಿಲ್ಲ. ಹರಿದ ಎರಡು ತುದಿ ಕೈಯಲ್ಲಿ ಹಿಡಿದು ನೋಡಿದ, ಹೋಗಿ ಮಲಗಿಕೊಂಡ.

ಸೋಮವಾರ ಬೆಳಿಗ್ಗೆ ಅಂಗಳ ಸಾರಿಸಲು ಹೋದೆ. ಹರಿದ ಜನಿವಾರ ತುಳಸಿಕಟ್ಟೆಯ ಮೇಲಿತ್ತು. ಹಾಸಿಗೆ ಖಾಲಿ. ನನಗೆ ಮೊದಲು ಕಂಡದ್ದು ಹಿತ್ತಲ ಬಾವಿ. ಕಿರುಚಿದೆನಂತೆ, ನನಗೆ ನೆನಪಿಲ್ಲ. ಹಾಲು ಹಾಕಲು ಬಂದ ಹುಲ್ಲಪ್ಪ ತಂಬಿಗೆ ಅಲ್ಲೇ ಇಟ್ಟು ಹಗ್ಗ ಹಿಡಿದು ಇಳಿದ. ಮುಳುಗಿ ಎದ್ದು, ಮತ್ತೆ ಮುಳುಗಿ ಎದ್ದು, ‘ಇಲ್ರೀ ಅವ್ವಾರ, ಕೆಳಗ ಬರೇ ಕೆಸರ ಐತ್ರಿ’ ಎಂದ. ಆ ಕೆಸರಿನ ಮಾತು ಕೇಳಿ ನನಗೆ ಹೋದ ಜೀವ ಬಂತು. ತಂಬು ರವಿವಾರ ರಾತ್ರಿಯೇ ಕಿತ್ತು ಇಳಕಲ್ಲಿಗೆ ಹೋಗಿದೆ. ಪಾಪ, ಹುಲ್ಲಪ್ಪ ಒದ್ದೆ ಧೋತರದಲ್ಲೇ ಅಲ್ಲಿಗೂ ಹೋಗಿಬಂದ. ಇಲ್ಲಿಗೆ ಬಂದಿಲ್ಲ ಎಂದು ಜಲಾಲುದ್ದೀನ ಆಣೆ ಹಾಕಿ ಹೇಳಿದನಂತೆ. ಅಂದ ಮೇಲೆ ಉಳಿದದ್ದು ಆ ಚಿತ್ರದ ಹಳಿ. ನಮ್ಮ ಊರಿಗೆ ರೇಲ್ವೆ ಇಲ್ಲ. ಇರುವುದು ನಿಮ್ಮ ಬಾಗಲಕೋಟೆಗೆ, ಆ ಕಡೆ ಬದಾಮಿಗೆ.

ಆದರೆ ಸುಲಭಾ, ನಿನ್ನೆ ದೀಪ ಹಚ್ಚಲು ದೇವರ ಮನೆಗೆ ಹೋದಾಗ ನನಗೊಂದು ಧೈರ್ಯ ಸಿಕ್ಕಿದೆ. ಪೂಜೆಯ ಪೆಟ್ಟಿಗೆಯಲ್ಲಿ ಹೊಸ ಜನಿವಾರದ ಕಟ್ಟು ಬಿಚ್ಚಿದೆ, ಒಂದು ಕಡಿಮೆಯಾಗಿದೆ. ನಿಮ್ಮಪ್ಪ ನೂಲಹುಣ್ಣಿಮೆಯ ಹೊರತು ಆ ಕಟ್ಟು ಮುಟ್ಟುವವರಲ್ಲ. ಅಂದರೆ ತೆಗೆದುಕೊಂಡವನು ಗುರುವೇ. ಹೊಸದನ್ನು ಹಾಕಿಕೊಂಡ ಮೇಲೆಯೇ ಹಳೆಯದನ್ನು ತೆಗೆದು ತುಳಸಿಗೆ ಹಾಕುವುದು ನಮ್ಮ ಪದ್ಧತಿ ತಾನೆ? ಹಾಗೆಯೇ ಮಾಡಿದ್ದಾನೆ. ಸಾಯಹೊರಟವನು ಯಾರಾದರೂ ಹೊಸ ಜನಿವಾರ ಹಾಕಿಕೊಳ್ಳುತ್ತಾನೆಯೇ, ನೀನೇ ಹೇಳು. ನಿನ್ನ ಮನೆಗೇ ಬರುತ್ತಿದ್ದಾನೆ. ದಾರಿಯಲ್ಲಿ ಎಲ್ಲೋ ತಡವಾಗಿದೆ. ರಾತ್ರಿಯೆಲ್ಲ ಇದೊಂದನ್ನೇ ಹಿಡಿದುಕೊಂಡು ಕೂತಿದ್ದೆ.

ಬಂದರೆ ಏನೂ ಕೇಳಬೇಡ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕು. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚು. ಅವನಾಗಿ ಮಾತಾಡಿದರೆ ಧ್ವನಿ ಹೇಗಿದ್ದರೂ ನಗಬೇಡ. ಅಳಿಯಂದಿರಿಗೂ ಹೇಳು.

ಇದನ್ನು ನಿಮ್ಮಪ್ಪನ ಕೈಯಲ್ಲೇ ಕೊಟ್ಟು ಬೆಳಗಿನ ಬಸ್ಸಿನ ಡ್ರೈವರನಿಗೆ ಮುಟ್ಟಿಸುತ್ತೇನೆ. ಗೋಂದು ಒಣಗಿಹೋಗಿದೆ, ಲಕೋಟೆ ಅಂಟಿಸಿಲ್ಲ. ಚಿಂತೆಯಿಲ್ಲ, ಇನ್ನೊಬ್ಬರ ಪತ್ರ ಓದುವ ಚಟ ಅವರಿಗಿಲ್ಲ. ಅಷ್ಟಾದರೂ ಗುಣ ಇದೆ. ನಿನ್ನೆಯಿಂದ ನಾನು ಅವರ ಜೊತೆ ಮಾತಾಡಿಲ್ಲ, ಅವರೂ ಅನ್ನ ಮುಟ್ಟಿಲ್ಲ.

ಅವನು ಸಿಕ್ಕ ಕೂಡಲೇ ಯಾವ ಬಸ್ಸಿನವರ ಕೈಯಲ್ಲಾದರೂ ಸುದ್ದಿ ಕಳಿಸು. ಹಗಲೆಲ್ಲ ಬಾಗಿಲಲ್ಲೇ ಕೂತಿರುತ್ತೇನೆ.

ನಿನ್ನ ಅವ್ವ,
ಪ್ರೇಮಾಬಾಯಿ

ತಾ. ಕ.:
ಸುಲಭಾ, ಈ ಅಕ್ಷರ ನನ್ನದು, ನಿನ್ನ ಅಪ್ಪನದು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ನಿನ್ನ ಅವ್ವ ನನ್ನ ಬಗ್ಗೆ ಬರೆದ ಆ ಒಂದು ಗುಣವೂ ಇವತ್ತು ಉಳಿಯಲಿಲ್ಲ, ಪತ್ರ ಓದಿದೆ. ಕಟ್ಟಿನಿಂದ ಹೊಸ ಜನಿವಾರ ತೆಗೆದವನು ಗುರು ಅಲ್ಲ, ನಾನು. ಸೋಮವಾರ ನಸುಕಿನಲ್ಲಿ ಅವನನ್ನು ಎಬ್ಬಿಸಿ, ಏನಾತಪಾ ನಿನಗ ಅಂತ ಕೇಳಿ, ನನ್ನ ಕೈಯಾರೆ ಹಾಕಬೇಕೆಂದು ಹೋಗಿದ್ದೆ. ಹಾಸಿಗೆ ಆಗಲೇ ಖಾಲಿಯಾಗಿತ್ತು. ಹೊರಕಡೆಗೆ ಹೋಗಿರಬೇಕೆಂದು ಕಾಯುತ್ತ ಕೂತೆ, ಅಷ್ಟರಲ್ಲಿ ನಿನ್ನ ಅವ್ವ ಕಿರುಚಿದ್ದು ಕೇಳಿತು. ಆ ಹೊಸ ಜನಿವಾರ ಇನ್ನೂ ನನ್ನ ಕೋಟಿನ ಕಿಸೆಯಲ್ಲಿದೆ. ನಿನ್ನ ಅವ್ವನಿಗೆ ಹೇಳುವ ಧೈರ್ಯ ನನಗಿಲ್ಲ, ನೀನೂ ಹೇಳಬೇಡ. ಅಳಿಯಂದಿರು ಸ್ಟೇಶನ್ನಿನಲ್ಲಿ ನಿಂತು ಕಾಯುವುದು ಬೇಡ. ಹಳಿಗುಂಟ ಗುಳೇದಗುಡ್ಡ ರೋಡ್ ಸ್ಟೇಶನ್ನಿನ ಕಡೆಗೆ ನಡೆಯುತ್ತ ಬರಲಿ, ಅವನ ಹೆಸರು ಹಿಡಿದು ಜೋರಾಗಿ ಕೂಗುತ್ತ ಬರಲಿ. ನಾನು ಬದಾಮಿಯ ಬಸ್ಸು ಹಿಡಿದು, ಅಲ್ಲಿ ಇಳಿದು ಆ ಕಡೆಯಿಂದ ಹಳಿಗುಂಟ ನಡೆಯುತ್ತ ಬರುತ್ತೇನೆ.